ಬಾಣದಕ್ಕ ಪಾಲು ಮಾಡಿದ ಮಾತ್ರೆಗಳು

ನನ್ನ ಅಕ್ಕ ಯಾರನ್ನೂ ನಂಬುವವಳಲ್ಲ. ದೂರು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ನಂಬದೇ ಇರುವುದಕ್ಕೇ ಅವಳಿಗೆ ಹತ್ತೊಂಬತ್ತು ವರ್ಷಗಳಿಂದ ಸಂಬಳ ಬರುತ್ತಿದೆ. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಅವಳು ಚೆಕ್ಕಿಂಗ್ ಟೇಬಲ್ಲಿನವಳು. ಹೊಲಿದು ಬಂದ ಶರ್ಟನ್ನು ಒಳಹೊರಗು ಮಾಡಿ, ಕಂಕುಳಿನ ಹೊಲಿಗೆಯನ್ನು ಎರಡು ಕೈಯಲ್ಲಿ ಜಗ್ಗಿ, ಕಾಲರಿನ ಎರಡು ತುದಿಗಳನ್ನು ಜೋಡಿಸಿ ನೋಡಿ, ತಪ್ಪು ಕಂಡ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ ಎಸೆಯುವುದು ಅವಳ ಕೆಲಸ. ಹೊಲಿಯುವ ಹೆಂಗಸರು ಅವಳಿಗೆ ಬಾಣದಕ್ಕ ಎಂದು ಹೆಸರಿಟ್ಟಿದ್ದಾರೆ. ಅದು ಅಕ್ಕರೆಯಿಂದ ಇಟ್ಟ ಹೆಸರಲ್ಲ ಎಂದು ಅವಳಿಗೂ ಗೊತ್ತು.

ಮನೆಯಲ್ಲೂ ಅದೇ ಬುದ್ಧಿ. ಹಾಲಿನ ಪ್ಯಾಕೆಟ್ಟಿನ ತಾರೀಖು, ಗ್ಯಾಸ್ ಸಿಲಿಂಡರಿನ ಸೀಲು, ನಾನು ಹೇಳುವ ಸಮಾಧಾನದ ಮಾತು, ಎಲ್ಲವನ್ನೂ ಒಮ್ಮೆ ತಿರುವಿ ನೋಡಿಯೇ ಒಳಗೆ ಬಿಟ್ಟುಕೊಳ್ಳುತ್ತಾಳೆ. ಮದುವೆಗೆ ಮುಂಚೆ ಭಾವ ಅವಳನ್ನು ನೋಡಲು ಬಂದಾಗ ಇವಳು ಮುಖ ನೋಡಲಿಲ್ಲವಂತೆ, ಅಂಗಿಯ ತೋಳಿನ ಗುಂಡಿ ನೋಡಿದಳಂತೆ. ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದರು. "ಇದನ್ನ ಯಾರು ಹೊಲಿದ್ರು?" ಎಂದು ಕೇಳಿದಳು. "ನಾನೇ" ಎಂದರು ಭಾವ. ಸುಳ್ಳು ಹೇಳುವ ಗಂಡಸಾಗಿದ್ದರೆ ಅದೇ ಬಣ್ಣದ ದಾರ ಹುಡುಕಿರುತ್ತಿದ್ದ ಎಂದು ಲೆಕ್ಕ ಹಾಕಿ ಒಪ್ಪಿದಳು. ಭಾವ ಲಿಫ್ಟ್ ರಿಪೇರಿ ಮಾಡುವವರು, ಮಾತು ಕಡಿಮೆ. ಅವರ ಮನೆಯ ಕೆಳಗಿನ ಕೋಣೆಯಲ್ಲಿ ನನ್ನ ಜೆರಾಕ್ಸ್ ಅಂಗಡಿ ಇದೆ. ಭಾವ ಆಡದ ಮಾತನ್ನೆಲ್ಲ ನಾನೇ ಆಡುತ್ತೇನೆ.

ಇಂಥವಳಿಗೆ ಅವಳ ಹೊಟ್ಟೆಯೇ ಕೈಕೊಟ್ಟಿತು. ದಿನಕ್ಕೆ ಎಂಟು ಹತ್ತು ಸಲ ಓಡಬೇಕು, ಓಡಿದಾಗಲೆಲ್ಲ ರಕ್ತ. ಅವರ ಫ್ಯಾಕ್ಟರಿಯಲ್ಲಿ ಒಂದೊಂದು ಲೈನಿಗೆ ಎರಡೇ ಟಾಯ್ಲೆಟ್ ಟೋಕನ್. ಸೂಪರ್‌ವೈಸರ್ ಮೇಜಿನ ಮೊಳೆಗೆ ನೇತುಹಾಕಿರುತ್ತಾರೆ. ಎರಡೂ ಹೋಗಿದ್ದರೆ ಒಂದು ವಾಪಸ್ ಬರುವವರೆಗೂ ಕಾಯಬೇಕು. ಕಾಯುವ ಸ್ಥಿತಿ ಅಕ್ಕನದಲ್ಲ. ಟೋಕನ್ ಇಲ್ಲದೆಯೇ ಓಡತೊಡಗಿದಳು. ಕೆಲಸ ತಪ್ಪಿಸಲು ನಾಟಕ ಆಡುತ್ತಾಳೆ ಎಂದು ಸೂಪರ್‌ವೈಸರ್ ಲೈನಿನ ಇನ್ನೊಬ್ಬ ಹೆಂಗಸನ್ನು ಅವಳ ಹಿಂದೆಯೇ ಕಳಿಸಿ ಬಾಗಿಲ ಹೊರಗೆ ನಿಲ್ಲಿಸಿದ. ಆ ಸಂಜೆ ಅಕ್ಕ ನನ್ನ ಅಂಗಡಿಯಲ್ಲಿ ಕುಳಿತು ಅತ್ತಳು. ಊರನ್ನೆಲ್ಲ ಅನುಮಾನಿಸುವವಳನ್ನು ಇನ್ನೊಬ್ಬರು ಅನುಮಾನಿಸಿದರೆ ಎಷ್ಟು ನೋಯುತ್ತದೆ ಎಂದು ಅವತ್ತೇ ನನಗೆ ಗೊತ್ತಾದದ್ದು.

ದೊಡ್ಡಾಸ್ಪತ್ರೆಯ ಹೊಟ್ಟೆ ಡಾಕ್ಟರು ಕೊಳವೆ ಬಿಟ್ಟು ನೋಡಿದರು. ದೊಡ್ಡ ಕರುಳಿನ ಒಳಗೋಡೆಯಲ್ಲಿ ಉರಿಯೂತ, ಹುಣ್ಣು. ಮೈ ಕಾಯಬೇಕಾದ ಶಕ್ತಿಯೇ ದಿಕ್ಕು ತಪ್ಪಿ ಸ್ವಂತ ಕರುಳನ್ನು ಶತ್ರು ಎಂದು ತಿಳಿದಿದೆ ಎಂದರು. "ನೋಡು, ನಿನ್ನ ಹೊಟ್ಟೆಗೂ ನಿಂದೇ ಬುದ್ಧಿ" ಎಂದು ನಾನು ಕಿಚಾಯಿಸಿದೆ. ಅಕ್ಕ ನಗಲಿಲ್ಲ. ಎರಡು ವರ್ಷ ಇದ್ದಬದ್ದ ಔಷಧಗಳನ್ನೆಲ್ಲ ನುಂಗಿದ್ದಾಯಿತು. ಸ್ವಲ್ಪ ದಿನ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಹೀಗೇ ಆದರೆ ದೊಡ್ಡ ಕರುಳನ್ನು ತೆಗೆದು ಹೊಟ್ಟೆಯ ಮೇಲೆ ಚೀಲ ಅಂಟಿಸಬೇಕಾಗುತ್ತದೆ ಎಂದು ಕೊನೆಗೆ ಡಾಕ್ಟರು ಹೇಳಿದರು. ಚೆಕ್ಕಿಂಗ್ ಟೇಬಲ್ಲಿನ ಅಂಚಿಗೆ ಹೊಟ್ಟೆ ಒತ್ತಿಕೊಂಡೇ ಎಂಟು ಗಂಟೆ ನಿಲ್ಲುವವಳು ಅವಳು. ಚೀಲ ಬಂದರೆ ಕೆಲಸಕ್ಕೆ ಎಳ್ಳುನೀರು ಬಿಟ್ಟ ಹಾಗೆಯೇ.

ಇನ್ನೊಂದು ದಾರಿಯೂ ಇತ್ತು. ಹೊಸ ಮಾತ್ರೆಯೊಂದರ ಪ್ರಯೋಗ ಆ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ಸೇರಿದವರಲ್ಲಿ ಅರ್ಧ ಜನಕ್ಕೆ ಆ ಮಾತ್ರೆ. ಉಳಿದರ್ಧಕ್ಕೆ ನೋಡಲು ಅದರಂತೆಯೇ ಇರುವ, ಒಳಗೆ ಔಷಧವಿಲ್ಲದ ಖಾಲಿ ಮಾತ್ರೆ. ಹಳೆಯ ಔಷಧ ಎಲ್ಲರಿಗೂ ಮುಂದುವರಿಯುತ್ತದೆ. ಹನ್ನೆರಡು ವಾರ ಸರಿಯಾಗಿ ಮುಗಿಸಿದವರಿಗೆಲ್ಲ ಆಮೇಲೆ ಅಸಲಿ ಮಾತ್ರೆಯನ್ನೇ ಕೊಡುತ್ತಾರೆ.

"ನಂಗೆ ಯಾವುದು ಸಿಗುತ್ತೆ ಡಾಕ್ಟ್ರೇ?" ಎಂದಳು ಅಕ್ಕ.

"ನಂಗೂ ಗೊತ್ತಿಲ್ಲಮ್ಮ. ಗೊತ್ತಾಗಬಾರದು. ಬಾಟ್ಲಿ ಮೇಲೆ ನಂಬರ್ ಅಷ್ಟೇ ಇರುತ್ತೆ."

"ನಿಮಗೇ ಗೊತ್ತಿಲ್ಲ ಅಂದ್ರೆ ಮತ್ಯಾರಿಗೆ ಗೊತ್ತು?"

"ಮುಚ್ಚಿಟ್ಟಿರ್ತಾರೆ. ಗೊತ್ತಾದ್ರೆ ನಿಮ್ಮ ಮನಸ್ಸು ಒಂದು ಕಡೆ ವಾಲುತ್ತೆ, ನನ್ನ ಕಣ್ಣೂ ವಾಲುತ್ತೆ. ಜೀವಕ್ಕೆ ಅಪಾಯ ಅಂತ ಬಂದಾಗ ಮಾತ್ರ ತೆಗೆದು ನೋಡ್ತೀವಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು ಎಂದು ಹೊರಗೆ ಬಂದು ಅಕ್ಕ ಗೊಣಗಿದಳು. ಇಪ್ಪತ್ತೆರಡು ಪುಟದ ಒಪ್ಪಿಗೆ ಪತ್ರವನ್ನು ನನ್ನ ಅಂಗಡಿಗೆ ತಂದು ಎರಡು ಪ್ರತಿ ಮಾಡಿಸಿದಳು. ಒಂದು ಓದಲು, ಇನ್ನೊಂದು "ಅವರು ಆಮೇಲೆ ಬದಲಾಯಿಸಿದ್ರೆ ತೋರಿಸೋಕೆ". ಮೂರು ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದಿ ಹನ್ನೊಂದು ಕಡೆ ಕೆಂಪು ಬಾಣ ಅಂಟಿಸಿದಳು. ಪ್ರಯೋಗದ ಆಫೀಸಿನಲ್ಲಿ ಕೂರುವ ನರ್ಸ್ ಹನ್ನೊಂದು ಬಾಣಕ್ಕೂ ನಗುತ್ತಲೇ ಉತ್ತರ ಕೊಟ್ಟಳು. ಆ ನಗುವೇ ಹನ್ನೆರಡನೆಯ ಅನುಮಾನವಾಯಿತು. ಅಳೋ ಗಂಡಸನ್ನ, ನಗೋ ಹೆಂಗಸನ್ನ ನಂಬಬಾರದು ಎಂದು ಹಿರಿಯರು ಸುಮ್ಮನೆ ಹೇಳಿದ್ದಾರಾ ಎಂದು ನನ್ನನ್ನೇ ಕೇಳಿದಳು. ಅಂದಿನಿಂದ ನಮ್ಮ ಬಾಯಲ್ಲಿ ಆ ನರ್ಸ್ ನಗುಮುಖವಾದಳು. ಕೊನೆಗೆ ಚೀಲದ ಹೆದರಿಕೆ ಗೆದ್ದು ಅಕ್ಕ ಸಹಿ ಹಾಕಿದಳು.

ಬಿಳಿ ಮಾತ್ರೆ, ಬೆಳಿಗ್ಗೆ ಒಂದು, ಸಂಜೆ ಒಂದು. ಎಷ್ಟು ಸಲ ಹೋದೆ, ರಕ್ತ ಇತ್ತೋ ಇಲ್ಲವೋ ಎಂದು ದಿನಾ ಒಂದು ಪುಸ್ತಕದಲ್ಲಿ ಬರೆಯಬೇಕು. ಅಕ್ಕ ಮಾತ್ರೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು, ನೆಕ್ಕಿದಳು, ಒಂದನ್ನು ನೀರಿನಲ್ಲಿ ನೆನೆಹಾಕಿ ಅದು ಕರಗುವುದನ್ನು ಕಾದಳು. ಬೆಳ್ಳಗಿರೋದೆಲ್ಲ ಹಾಲಲ್ಲ ಎನ್ನುವುದು ಅವಳ ತೀರ್ಮಾನ. ತಲೆನೋವು, ಕಹಿ ತೇಗು ಬರಬಹುದು ಎಂದು ಪತ್ರದ ಒಂಬತ್ತನೆಯ ಪುಟದಲ್ಲಿತ್ತು. ಅವಳಿಗೆ ಏನೂ ಬರಲಿಲ್ಲ. "ಒಂದು ತಲೆನೋವಾದ್ರೂ ಬರಬಾರದಾ? ಸಕ್ಕರೆ ಉಂಡೆ ಕೊಟ್ಟು ಕಳಿಸಿದ್ದಾರೆ" ಎಂದು ಬೆಳಿಗ್ಗೆ ಸಂಜೆ ಅದೇ ರಾಗ. ಮೂರು ವಾರವಾದರೂ ಓಟ ಕಡಿಮೆಯಾಗಲಿಲ್ಲ.

ನಾಲ್ಕನೆಯ ವಾರ ಆಸ್ಪತ್ರೆಗೆ ಹೋದಾಗ ಬೆಂಚಿನ ಮೇಲೆ ಅಂಥದೇ ಬಾಟಲಿ ಹಿಡಿದು ಕುಳಿತಿದ್ದ ಹೆಂಗಸೊಬ್ಬಳು ಸಿಕ್ಕಳು. ವಯಸ್ಸು ಐವತ್ತರ ಮೇಲೆ, ಶಾಲೆಯ ಬಸ್ಸಿನಲ್ಲಿ ಆಯಾ. ಮಕ್ಕಳು ಬಸ್ಸಮ್ಮ ಎನ್ನುತ್ತಾರೆ ಎಂದು ತಾನೇ ಹೇಳಿಕೊಂಡಳು. ಅವಳ ಕಷ್ಟ ಅಕ್ಕನದಕ್ಕಿಂತ ಒಂದು ಕೈ ಹೆಚ್ಚು. ಬಸ್ಸಿನಲ್ಲಿ ಟೋಕನ್ನೂ ಇಲ್ಲ, ಟಾಯ್ಲೆಟ್ಟೂ ಇಲ್ಲ. ಬೆಳಗಿನ ಟ್ರಿಪ್ ಮುಗಿಯುವವರೆಗೆ ನೀರು ಕೂಡ ಕುಡಿಯುವುದಿಲ್ಲವಂತೆ. ಒಮ್ಮೆ ತಡೆಯಲಾರದೆ ಪೆಟ್ರೋಲ್ ಬಂಕಿನ ಹತ್ತಿರ ಬಸ್ ನಿಲ್ಲಿಸಿ ಇಳಿದು ಓಡಿದ್ದಕ್ಕೆ ಶಾಲೆಯವರು ಮೆಮೋ ಕೊಟ್ಟಿದ್ದರು. ಅವಳಿಗೂ ಇನ್ನೂ ಗುಣ ಕಂಡಿರಲಿಲ್ಲ. ಆದರೆ ಮೊದಲ ವಾರ ತಲೆ ಸಿಡಿಯುವಷ್ಟು ನೋವು, ಬಾಯಿಗೆಲ್ಲ ಕಹಿ ತೇಗು ಬಂದಿತ್ತು. ಅದನ್ನು ಕೇಳಿದ್ದೇ ತಡ, ಅಕ್ಕನ ಕಣ್ಣು ಅವಳ ಬಾಟಲಿಯ ಮೇಲೆ ಹೋಯಿತು.

"ನಿಂದು ಅಸಲಿ, ನಂದು ಖಾಲಿ" ಎಂದಳು ಅಕ್ಕ. ಎರಡೂ ಬಾಟಲಿಗಳನ್ನು ಪಕ್ಕಪಕ್ಕ ಹಿಡಿದು, "ಅಥವಾ ನಿಂದೇ ಖಾಲಿ, ನಂದೇ ಅಸಲಿ ಇರಬಹುದು. ಯಾರಿಗೆ ಗೊತ್ತು? ಎರಡನ್ನೂ ಸೇರಿಸಿ ಅರ್ಧರ್ಧ ಮಾಡ್ಕೊಂಡ್ರೆ ಇಬ್ಬರ ಹೊಟ್ಟೆಗೂ ಅರ್ಧ ಔಷಧ ಆದ್ರೂ ಗ್ಯಾರಂಟಿ" ಎಂದಳು.

ನಾನು ಅವಳ ರಟ್ಟೆ ಹಿಡಿದು ಎಳೆದೆ. ಫ್ಯಾಕ್ಟರಿಯಲ್ಲಿ ಎರಡು ಲಾಟಿನ ಶರ್ಟುಗಳನ್ನು ಬೆರೆಸುವುದಕ್ಕಿಂತ ದೊಡ್ಡ ತಪ್ಪಿಲ್ಲ. ಬೆರೆತರೆ ಯಾವುದು ಒಳ್ಳೆಯದು ಯಾವುದು ಕೆಟ್ಟದ್ದು ಎಂದು ಯಾರೂ ಹೇಳಲಾಗದೆ ಎರಡೂ ಲಾಟು ಮೂಲೆಗೆ ಹೋಗುತ್ತವೆ. ಹಾಗೆ ಬೆರೆಸಿದ ಒಬ್ಬಳನ್ನು ಇವಳೇ ಹಿಡಿದುಕೊಟ್ಟು ಮನೆಗೆ ಕಳಿಸಿದ್ದಳು. ಅದನ್ನು ನೆನಪಿಸಿದೆ. "ಅದು ಬಟ್ಟೆ, ಇದು ಜೀವ" ಎಂದಳು. ಬಸ್ಸಮ್ಮ ನಮ್ಮಿಬ್ಬರ ಮುಖ ನೋಡಿ, "ಒಬ್ಬರಿಗೆ ಸಿಕ್ಕಿ ಒಬ್ಬರಿಗೆ ಸಿಗದೇ ಇರೋದಕ್ಕಿಂತ ಇದೇ ಸರಿ ಕಣಮ್ಮ" ಎಂದು ಒಪ್ಪಿಬಿಟ್ಟಳು. ಇಷ್ಟು ಬೇಗ ಒಪ್ಪಿದ್ದು ಯಾಕೆ ಎಂದು ಅಕ್ಕನಿಗೆ ಆಗಲೂ ಅನುಮಾನ.

ಪ್ರತಿ ಶನಿವಾರ ಮಧ್ಯಾಹ್ನ ಬಸ್ಸಮ್ಮ ನನ್ನ ಅಂಗಡಿಗೆ ಬರುವಳು. ಇಬ್ಬರೂ ವಾರಕ್ಕಾಗುವ ಹದಿನಾಲ್ಕು ಮಾತ್ರೆಗಳನ್ನು ಕಾಗದದ ಪೊಟ್ಟಣದಲ್ಲಿ ತರುವರು. ಪಾಲು ಮಾಡುವುದು ಅಕ್ಕನ ಕೆಲಸ. "ನಿನ್ನ ಕೈ ಕರಾರುವಾಕ್ಕು, ನೀನೇ ಮಾಡು" ಎಂದು ಬಸ್ಸಮ್ಮನೇ ಹೇಳಿದ್ದಳು. ಅಕ್ಕ ನಮ್ಮ ಕಡೆ ಬೆನ್ನು ತಿರುಗಿಸಿ, ನಾನು ಕಾಗದ ಕತ್ತರಿಸುವ ಹಲಗೆಯ ಮೇಲೆ ಮಾತ್ರೆ ಹರಡಿಕೊಳ್ಳುವಳು. ಬಸ್ಸಮ್ಮ ಸ್ಟೂಲಿನ ಮೇಲೆ ಕುಳಿತು ಬಸ್ಸಿನ ಕಥೆ ಹೇಳುವಳು. ಒಂದು ಮಗು ದಿನಾ ತನ್ನ ಮಡಿಲಲ್ಲೇ ಮಲಗಿ ಶಾಲೆಗೆ ಹೋಗುತ್ತದೆ, ಇನ್ನೊಂದು ತನ್ನ ಎಡಗಾಲಿನ ಶೂ ಮಾತ್ರ ಕಿಟಕಿಯಿಂದ ಎಸೆಯುತ್ತದೆ ಎಂದು ನಗಿಸುವಳು. ನನಗೆ ಅವಳು ತುಂಬಾ ಇಷ್ಟವಾಗಿಬಿಟ್ಟಳು. ಅಕ್ಕ ಕೊಟ್ಟ ಪೊಟ್ಟಣವನ್ನು ಬಿಚ್ಚಿ ಕೂಡ ನೋಡದೆ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದಳು.

ಎಂಟನೆಯ ವಾರಕ್ಕೆ ಅಕ್ಕನ ಓಟ ಮೂರಕ್ಕೆ ಇಳಿಯಿತು. ರಕ್ತ ನಿಂತಿತು. ಟೋಕನ್ ಕೇಳಿ, ಕಾದು, ಹೋಗಿ ಬರುವಷ್ಟಾದಳು. ಇಂಥ ಸುದ್ದಿಯನ್ನು ಡಂಗುರ ಸಾರಬೇಕಿತ್ತು. ಇವಳು ನನ್ನ ಹತ್ತಿರವೂ ಬಾಯಿ ಬಿಡಲಿಲ್ಲ. ಪುಸ್ತಕದಲ್ಲಿ ಬರೆದದ್ದನ್ನು ನಾನೇ ಕದ್ದು ಓದಿ ತಿಳಿದುಕೊಂಡೆ. ಬಸ್ಸಮ್ಮ ಮಾತ್ರ ಬಾಡುತ್ತಿದ್ದಳು. ಅಂಗಡಿಯ ಎರಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಅಕ್ಕನ ಮುಖದ ಕಳೆ ನೋಡಿ, "ನಿಂಗೆ ನಾಟಿದೆ, ನಂಗೆ ಇನ್ನೂ ಸ್ವಲ್ಪ ದಿನ ಬೇಕೇನೋ. ಹೋಗ್ಲಿ ಬಿಡು, ಒಬ್ಬರಿಗಾದ್ರೂ ಆಯ್ತಲ್ಲ" ಎಂದಳು ಒಂದು ಶನಿವಾರ. ಅಕ್ಕ ಮಾತ್ರೆ ಎಣಿಸುವುದನ್ನು ಮುಂದುವರಿಸಿದಳು. ಮುಂದಿನ ವಾರ ಬಸ್ಸಿನ ಸೀಟಿಗೆಂದು ಅವಳಿಗೆ ಒಂದು ದಿಂಬು ಹೊಲಿದುಕೊಟ್ಟಳು. ಅದರ ಮುಂದಿನ ವಾರ ಒಂದು ಶಾಲು. ಕಾರಣವಿಲ್ಲದೆ ಒಂದು ಗುಂಡಿಯನ್ನೂ ಯಾರಿಗೂ ಕೊಟ್ಟವಳಲ್ಲ ನನ್ನ ಅಕ್ಕ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ. ನಾನೂ ಅವಳ ತಂಗಿಯೇ. ನನ್ನೊಳಗೂ ಹುಳ ಕೊರೆಯತೊಡಗಿತು. ಆದರೂ ಕೇಳಲಿಲ್ಲ. ಅಕ್ಕ ವಾಸಿಯಾಗುತ್ತಿದ್ದಳು, ನನಗೆ ಅಷ್ಟೇ ಬೇಕಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಹನ್ನೊಂದನೆಯ ವಾರ ಬಸ್ಸಮ್ಮನ ಮಗಳು ಫೋನ್ ಮಾಡಿದಳು. ಅಮ್ಮನಿಗೆ ರಕ್ತ ನಿಲ್ಲುತ್ತಿಲ್ಲ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದಳು. ನಾವಿಬ್ಬರೂ ಓಡಿದೆವು. ವಾರ್ಡಿನ ಹೊರಗೆ ನಗುಮುಖ ಫೈಲು ಹಿಡಿದು ನಿಂತಿದ್ದಳು.

"ಅವರ ನಂಬರ್ ತೆಗೆದು ನೋಡ್ಬೇಕು ಅಂತ ಡಾಕ್ಟ್ರು ಬರೆದಿದ್ದಾರೆ" ಎಂದಳು. "ಇವರು ತಿಂದಿರೋದು ಹೊಸ ಮಾತ್ರೆ ಆಗಿದ್ರೆ ಅದರ ಮೇಲೆ ಉರಿಯೂತ ಇಳಿಸೋ ದೊಡ್ಡ ಇಂಜೆಕ್ಷನ್ ಕೊಡೋ ಹಾಗಿಲ್ಲ, ಮೈ ಕಾಯೋ ಶಕ್ತಿ ಪೂರ್ತಿ ಕುಸಿದು ಸೋಂಕಿಗೇ ಜೀವ ಹೋಗಬಹುದು. ಖಾಲಿ ಮಾತ್ರೆ ಆಗಿದ್ರೆ ಇವತ್ತೇ ಕೊಡ್ತಾರೆ. ಸಂಜೆಯೊಳಗೆ ತೀರ್ಮಾನ ಆಗ್ಬೇಕು."

"ಅವಳು ಏನಾದ್ರೂ ಹೇಳಿದ್ಲಾ?" ಎಂದಳು ಅಕ್ಕ.

"ಮಾತ್ರೆ ಸರಿಯಾಗಿ ತಗೊಂಡ್ರಾ ಅಂತ ಕೇಳ್ದೆ. ಒಂದೂ ತಪ್ಪಿಸಿಲ್ಲ ಅಂದ್ರು."

ಅಕ್ಕ ಮೆಟ್ಟಿಲ ಹತ್ತಿರ ಬಂದು ಕುಳಿತುಬಿಟ್ಟಳು. ಬಸ್ಸಮ್ಮ ಅಷ್ಟು ರಕ್ತ ಹೋಗುತ್ತಿದ್ದರೂ ಇವಳ ಹೆಸರು ಬಾಯಿಬಿಟ್ಟಿರಲಿಲ್ಲ.

"ಅರ್ಧರ್ಧ ಅಲ್ಲ" ಎಂದಳು ಅಕ್ಕ.

"ಏನು ಅರ್ಧರ್ಧ ಅಲ್ಲ?"

"ಮಾತ್ರೆ. ಅವಳದ್ದೆಲ್ಲ ನಾನು ಇಟ್ಕೊಂಡೆ. ನಂದೆಲ್ಲ ಅವಳಿಗೆ ಕೊಟ್ಟೆ. ಮೊದಲನೇ ಶನಿವಾರದಿಂದ."

ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. "ಯಾಕೆ?" ಎಂದೆ.

"ಅರ್ಧ ಔಷಧ ಯಾರಿಗೂ ನಾಟಲ್ಲ ಅನ್ನಿಸ್ತು. ಇಬ್ಬರೂ ಹಾಳಾಗೋ ಬದಲು ಒಬ್ಬಳಾದ್ರೂ ಉಳಿಲಿ ಅಂತ."

"ಆ ಒಬ್ಬಳು ನೀನೇ ಯಾಕಾಗ್ಬೇಕು?"

ಮುಂದಿನದನ್ನು ಅವಳೇ ಲೆಕ್ಕ ಹಾಕಿದಳು. ಬಸ್ಸಮ್ಮನ ನಂಬರ್ ತೆಗೆದರೆ ಅಸಲಿ ಎಂದು ಬರುತ್ತದೆ, ಆಗ ಇಂಜೆಕ್ಷನ್ ಕೊಡುವುದಿಲ್ಲ. ಆದರೆ ಅವಳ ಹೊಟ್ಟೆಯಲ್ಲಿರುವುದು ಖಾಲಿ ಮಾತ್ರೆ. ಸಿಗಬೇಕಾದ ಇಂಜೆಕ್ಷನ್ ಸಿಗದೆ ಸಾಯುತ್ತಾಳೆ. ಹೇಳಿದರೆ ಪ್ರಯೋಗದಿಂದ ತನ್ನನ್ನು ಹೊರಗೆ ಹಾಕುತ್ತಾರೆ. ಇನ್ನು ಒಂದೇ ವಾರ ಬಾಯಿ ಮುಚ್ಚಿಕೊಂಡಿದ್ದರೆ ಅಸಲಿ ಮಾತ್ರೆ ಕಾಯಂ. ಅಕ್ಕ ಅಲ್ಲಿ ಹತ್ತು ನಿಮಿಷ ಕುಳಿತಳು. ನಾನು ಗಡಿಯಾರ ನೋಡುತ್ತಿದ್ದೆ. ಇನ್ನೈದು ನಿಮಿಷ ಕಳೆದರೆ ನಾನೇ ಹೇಳುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಅವಳು ಎದ್ದು ಹೋಗಿ ನಗುಮುಖದ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಆ ಹುಡುಗಿಯ ಮುಖದಲ್ಲಿ ನಗು ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಡಾಕ್ಟರ ಕೋಣೆಗೆ ಓಡಿದಳು.

ಒಂದು ಗಂಟೆಯ ಮೇಲೆ ಡಾಕ್ಟರು ನಮ್ಮನ್ನು ಕರೆದರು. ಇಬ್ಬರ ನಂಬರನ್ನೂ ತೆಗೆಸಿದ್ದರು.

"ನಿಮ್ಮ ಜೊತೆಯವರ ಬಾಟ್ಲಿ ಖಾಲಿ ಮಾತ್ರೆಯದು. ನಿಮ್ಮ ಬಾಟ್ಲಿಯಲ್ಲಿ ಇದ್ದದ್ದು ಹೊಸ ಔಷಧ. ಅಂದ್ರೆ ಏಳು ವಾರದಿಂದ ಅವರು ಹೊಸ ಔಷಧ ತಿಂತಿದ್ದಾರೆ. ನೀವು ಹೇಳದೇ ಇದ್ದಿದ್ರೆ, ಖಾಲಿ ಅಂತ ತಿಳ್ಕೊಂಡು ನಾನು ಇವತ್ತು ಸಂಜೆ ಆ ಇಂಜೆಕ್ಷನ್ ಚುಚ್ಚಿಬಿಡ್ತಿದ್ದೆ."

ಅಕ್ಕ ಕಾಗದ ತೋರಿಸಿ ಎಂದಳು. ತೋರಿಸಿದರು. ಅದರ ಹಿಂಭಾಗವನ್ನೂ ತಿರುವಿ ನೋಡಿದಳು. "ಮತ್ತೆ ನಂಗೆ ಹೇಗೆ ವಾಸಿಯಾಯ್ತು?"

"ಗೊತ್ತಿಲ್ಲ. ಮೊದಲ ನಾಲ್ಕು ವಾರ ತಿಂದ ಔಷಧ ತಡವಾಗಿ ಕೆಲಸ ಮಾಡ್ತೋ, ಕಾಯಿಲೆ ತಾನಾಗೇ ಇಳೀತೋ. ಖಾಲಿ ಮಾತ್ರೆಯಲ್ಲೇ ಇಳಿಯೋರೂ ಇದ್ದಾರೆ, ಅದರಲ್ಲೇ ತಲೆನೋವು ಬರೋರೂ ಇದ್ದಾರೆ. ಅದನ್ನ ತಿಳ್ಕೊಳೋಕೇ ನಾವು ಮುಚ್ಚಿಡೋದು. ನೀವು ಬೆರೆಸಿದ ಮೇಲೆ ಈಗ ಯಾರೂ ಹೇಳೋಕಾಗಲ್ಲ."

ಇಬ್ಬರನ್ನೂ ಪ್ರಯೋಗದಿಂದ ತೆಗೆದರು. ಬಸ್ಸಮ್ಮನಿಗೆ ಬೇರೆ ಡ್ರಿಪ್ ಹಾಕಿ, ರಕ್ತ ಕೊಟ್ಟು, ಹತ್ತು ದಿನದ ಮೇಲೆ ಎದ್ದು ಕೂರುವಷ್ಟು ಮಾಡಿದರು. ಕರುಳು ಉಳಿಯುತ್ತದೋ ಇಲ್ಲವೋ ಇನ್ನೂ ಹೇಳಿರಲಿಲ್ಲ. ಅಕ್ಕ ಈ ಹತ್ತು ದಿನದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮೊದಲು ಆ ಕಾಗದವನ್ನೇ ನಂಬದೆ ಎರಡು ದಿನ ಒದ್ದಾಡಿದಳು; ಆಮೇಲೆ ತನ್ನ ಜನ್ಮದಲ್ಲಿ ಏನನ್ನೂ ನಂಬದಷ್ಟು ಅದನ್ನು ನಂಬಿದಳು. ತಾನು ಕೊಟ್ಟದ್ದು ಅಸಲಿಯನ್ನೇ, ಅವಳಿಗೆ ಮೋಸ ಆಗಲಿಲ್ಲ ಎಂದು ಭಾವನಿಗೆ ಹೇಳಿದಳು, ನನಗೆ ಹೇಳಿದಳು, ಒಬ್ಬಳೇ ಇದ್ದಾಗ ತನಗೂ ಹೇಳಿಕೊಂಡಳು. ಬಸ್ಸಮ್ಮನಿಗೂ ಅದನ್ನೇ ಹೇಳಲು ಹೊರಟಳು. ಬೇಡ ಎಂದು ನಾನು ಹೇಳಿದರೂ ಕೇಳಲಿಲ್ಲ.

ಬಸ್ಸಮ್ಮ ದಿಂಬಿಗೆ ಒರಗಿ ಕುಳಿತಿದ್ದಳು. ಡಾಕ್ಟರು ಅವಳಿಗೆ ಎಲ್ಲವನ್ನೂ ಹೇಳಿದ್ದರು. ಅಕ್ಕ ಸ್ಟೂಲು ಎಳೆದುಕೊಂಡು ಕುಳಿತಳು.

"ಕೊನೆಗೆ ನೋಡಿದ್ರೆ ನಿಂಗೇ ಅಸಲಿ ಬಂದಿತ್ತು ಬಸ್ಸಮ್ಮ. ಖಾಲಿ ತಿಂದಿದ್ದು ನಾನು. ಪೇಪರಿನಲ್ಲೇ ಇದೆ. ಹಾಗೆ ನೋಡಿದ್ರೆ ನಿಂಗೇನೂ ಮೋಸ ಆಗ್ಲಿಲ್ಲ."

ಬಸ್ಸಮ್ಮ ತನ್ನ ಕೈಯ ಸೂಜಿಯ ಮೇಲಿನ ಪಟ್ಟಿಯನ್ನು ಒತ್ತಿ ಸರಿಮಾಡಿಕೊಂಡಳು. ಸಿಟ್ಟು ಮಾಡಿಕೊಂಡಿದ್ದರೆ ನಮಗೆ ಹಗುರವಾಗುತ್ತಿತ್ತು.

"ಅಷ್ಟು ತಲೆನೋವು ಬಂದಾಗ ನಂದೇ ಅಸಲಿ ಅಂತ ನಂಗೂ ಅನ್ನಿಸಿತ್ತು ಕಣೇ" ಎಂದಳು. "ಹಾಗೆ ತಿಳ್ಕೊಂಡೇ ಅದ್ರಲ್ಲಿ ಅರ್ಧ ನಿಂಗೆ ಕೊಡೋಕೆ ಒಪ್ಪಿದ್ದು. ನೀನು ನಿಂದು ಖಾಲಿ ಅಂತ ತಿಳ್ಕೊಂಡು ಅಷ್ಟನ್ನೂ ನಂಗೆ ತಿನ್ನಿಸಿದೆ. ಪೇಪರಿನಲ್ಲಿ ಏನು ಬಂತು ಅನ್ನೋದು ಡಾಕ್ಟ್ರಿಗೆ ಬೇಕು, ನಂಗೆ ಬೇಡ."

ಅವಳು ಗೋಡೆಯ ಕಡೆಗೆ ಹೊರಳಿ ಮಲಗಿದಳು. ಅಕ್ಕ ಎದ್ದು ಸ್ಟೂಲನ್ನು ಇದ್ದ ಜಾಗದಲ್ಲೇ ಇಟ್ಟು ಹೊರಗೆ ಬಂದಳು.